ಮಧ್ಯಾಹ್ನ ಸಾಯುವ ರೇಡಿಯೋ: ದೋಷ ಸೆಟ್ಟಿನದೋ, ಆಕಾಶದ್ದೋ?

ಹೋದ ವರ್ಷ ಬೇಸಿಗೆಯಲ್ಲಿ ಗದಗ ಹತ್ತಿರದ ಒಂದು ಹಳ್ಳಿಯಿಂದ ಪರಿಚಯದ ಕಾಕಾ ಫೋನ್ ಮಾಡಿದ್ದರು.

"ತಮ್ಮಾ, ನಮ್ಮ ರೇಡಿಯೋಕ್ಕ ಏನೋ ಆಗೇತಿ ನೋಡು. ಮುಂಜಾನೆ ಛಲೋ ಹಾಡ್ತೈತಿ, ಊಟದ ಹೊತ್ತಿಗೆ ಸಾಯ್ತೈತಿ, ಸಂಜಿಕ ದೀಪ ಹಚ್ಚೂ ಹೊತ್ತಿಗೆ ಮತ್ತ ಜೀವ ಬರ್ತೈತಿ."

ಅವರು ಅದನ್ನು ಆಗಲೇ ಒಮ್ಮೆ ರಿಪೇರಿಗೆ ಕೊಟ್ಟು ತಂದಿದ್ದರು. ಅಂಗಡಿಯವನು ಎರಡು ಕೆಪ್ಯಾಸಿಟರ್ ಬದಲಿಸಿ, ಬ್ಯಾಂಡ್ ಸ್ವಿಚ್ಚಿಗೆ ಸ್ಪ್ರೇ ಹೊಡೆದು ದುಡ್ಡು ಇಸಿದುಕೊಂಡಿದ್ದ. ಸಂಜೆ ಏಳಕ್ಕೆ ಅಂಗಡಿಯಲ್ಲೇ ಹಚ್ಚಿ ತೋರಿಸಿದಾಗ ಸೆಟ್ಟು ಭರ್ಜರಿಯಾಗಿ ಹಾಡಿತ್ತು. ಮರುದಿನ ಮಧ್ಯಾಹ್ನ ಮತ್ತೆ ಅದೇ ಕತೆ.

"ಮಧ್ಯಾಹ್ನ ಧಾರವಾಡ ಸ್ಟೇಷನ್ ಬರ್ತೈತೇನ್ರಿ ಕಾಕಾ?" ಅಂದೆ.

"ಅದು ಗಂಟಿ ಹೊಡದ್ಹಂಗ ಬರ್ತೈತಿ. ಶಾರ್ಟ್‌ವೇವ್‌ನ್ಯಾಗ ಹೊರಗಿನ್ವು ಬರೂದಿಲ್ಲ."

"ಶಾರ್ಟ್‌ವೇವ್‌ನ್ಯಾಗ ಸ್ಟೇಷನ್ ಇಲ್ಲದ ಕಡೆ ಮುಳ್ಳು ಇಟ್ಟು ಕೇಳ್ರಿ. ಶರ್ ಅಂತ ಸಪ್ಪಳ ಜಾಸ್ತಿ ಆಗೇತೋ, ಕಮ್ಮಿ ಆಗೇತೋ?"

ಫೋನ್ ಬದಿಗಿಟ್ಟು ಹೋಗಿ ಕೇಳಿ ಬಂದರು. "ಕಮ್ಮಿ ಆಗೇತಿ ನೋಡು. ರಾತ್ರಿ ಇದ್ದಷ್ಟು ಸಪ್ಪಳ ಇಲ್ಲ. ಬಾವ್ಯಾಗ ಕಿವಿ ಇಟ್ಟಂಗ ಐತಿ."

ಈ ಕೊನೆಯ ಮಾತು ಕೇಳಿದ ಮೇಲೆ ಸೆಟ್ಟು ಬಿಚ್ಚುವ ಅಗತ್ಯವೇ ಉಳಿಯಲಿಲ್ಲ. ದನಿಯೂ ಹೋಗಿ, ಸಪ್ಪಳವೂ ಇಳಿದು, ಹತ್ತಿರದ ಸ್ಟೇಷನ್ ಮಾತ್ರ ಗಟ್ಟಿಯಾಗಿ ನಿಂತಿದೆ ಅಂದರೆ ಕೆಟ್ಟಿರುವುದು ರೇಡಿಯೋ ಅಲ್ಲ. ಮೇಲೆ ಯಾರೋ ತಿನ್ನುತ್ತಿದ್ದಾರೆ. ರೇಡಿಯೋ ಅಲೆಗಳನ್ನು ತಿನ್ನುವ ಅವನ ಹೆಸರು ಡಿ ಪದರ, ಆಕಾಶದಲ್ಲಿ ಬಹಳ ಎತ್ತರದಲ್ಲಿರುವ ಗಾಳಿಯ ಒಂದು ಪದರ.

ಶಾರ್ಟ್‌ವೇವ್ ಕೇಳುವವರು, 7 ಮೆಗಾಹರ್ಟ್ಸ್‌ನಲ್ಲಿ ಮಾತಾಡುವ ಹೊಸ ಹ್ಯಾಮ್‌ಗಳು (ಹವ್ಯಾಸಿ ರೇಡಿಯೋದವರು), ಯುಎಸ್‌ಬಿ ರೇಡಿಯೋ ಡಾಂಗಲ್ ಹಚ್ಚಿ ಕಂಪ್ಯೂಟರಿನಲ್ಲಿ ಕೇಳುವ ಕಾಲೇಜು ಹುಡುಗರು, ಎಲ್ಲರೂ ಈ ಒಂದೇ ದೂರು ತರುತ್ತಾರೆ. ನಾನು ಅದನ್ನು ಹೇಗೆ ಬಿಡಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಗಡಿಯಾರ ನೋಡಿ

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ವಾರ ಸುಮ್ನೆ ಹೊತ್ತು ಬರೆದಿಡಿ. ಯಾವಾಗ ದನಿ ಇಳಿಯಲು ಶುರುವಾಯಿತು, ಯಾವಾಗ ಪೂರ್ತಿ ಹೋಯಿತು, ಯಾವಾಗ ವಾಪಸ್ ಬಂತು. ಇಷ್ಟೇ ಸಾಕು. ಮಧ್ಯಾಹ್ನದ ರೇಡಿಯೋ ಕೆಡಿಸುವ ಸಂಗತಿಗಳು ನಮ್ಮ ಕಡೆ ಮುಖ್ಯವಾಗಿ ಮೂರು. ಒಂದೊಂದೂ ಬೇರೆ ಬೇರೆ ಗಡಿಯಾರ ನೋಡಿ ನಡೆಯುತ್ತದೆ.

ಆಕಾಶ ನೋಡುವುದು ಸೂರ್ಯನ ಗಡಿಯಾರವನ್ನು. ನಮ್ಮ ಕೈಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಧಾರವಾಡ ಇರುವುದು 75 ಡಿಗ್ರಿಯಲ್ಲಿ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಯ ಸಾಲಿಗೆ ಬರುವುದು ಹನ್ನೆರಡಕ್ಕಲ್ಲ, ಸರಾಸರಿ ಹನ್ನೆರಡೂವರೆಗೆ. ನವೆಂಬರ್ ಮೊದಲ ವಾರ ಹನ್ನೆರಡೂಕಾಲಿನ ಸುಮಾರು, ಫೆಬ್ರವರಿ ನಡುವೆ ಹನ್ನೆರಡೂಮುಕ್ಕಾಲಿನ ಸುಮಾರು. ಡಿ ಪದರದ ಕಾಟವಾದರೆ ದನಿ ಇಳಿಯುವುದೂ ಏರುವುದೂ ಈ ಹೊತ್ತಿನ ಎರಡೂ ಕಡೆ ಸರಿಸುಮಾರು ಸಮನಾಗಿ ಇರುತ್ತದೆ. ಬೆಳಿಗ್ಗೆ ಹತ್ತಕ್ಕೆ ಹೋದ ಸ್ಟೇಷನ್ ಮೂರರ ಹೊತ್ತಿಗೆ ಇಣುಕಬೇಕು.

ಸೆಟ್ಟಿನೊಳಗಿನ ಸಡಿಲ ಬೆಸುಗೆ ನೋಡುವುದು ಬಿಸಿಲಿನ ಝಳವನ್ನು. ತಗಡಿನ ಮನೆಯಲ್ಲಿ ಕಿಟಕಿ ಪಕ್ಕ ಇಟ್ಟ ರೇಡಿಯೋ ಕಾಯ್ದು ಕಾಯ್ದು ಕೈಕೊಡುತ್ತದೆ. ಆದರೆ ಝಳ ಜಾಸ್ತಿ ಇರುವುದು ಮೂರರ ಹೊತ್ತಿಗೆ, ಹನ್ನೆರಡೂವರೆಗಲ್ಲ. ಮೂರೂವರೆಗೆ ಸತ್ತು ರಾತ್ರಿ ಎಂಟಕ್ಕೆ ಎದ್ದರೆ ನನ್ನ ಸಂಶಯ ಬೆಸುಗೆಯ ಮೇಲೆ. ಇಂಥ ಸೆಟ್ಟಿನಲ್ಲಿ ಸಾಮಾನ್ಯವಾಗಿ ಧಾರವಾಡ ಸ್ಟೇಷನ್ನೂ ಕೆಡುತ್ತದೆ ಅಥವಾ ಮುಳ್ಳಿನಿಂದ ಆಚೀಚೆ ಸರಿಯುತ್ತದೆ. ಇದಕ್ಕೊಂದು ಸುಲಭ ಪರೀಕ್ಷೆ ಜುಲೈ ತಿಂಗಳು. ಜಿಟಿಜಿಟಿ ಮಳೆ ಹಿಡಿದು ದಿನವಿಡೀ ತಂಪಿದ್ದಾಗ ಬೆಸುಗೆಯ ದೋಷ ಮಾಯ ಆಗುತ್ತದೆ. ಆಕಾಶದ್ದು ಮಾತ್ರ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಮೋಡಗಳ ಎತ್ತರ ಜಾಸ್ತಿ ಅಂದರೆ ಹದಿನೇಳು ಹದಿನೆಂಟು ಕಿ.ಮೀ. ಡಿ ಪದರ ಇರುವುದು ಅದಕ್ಕಿಂತ ಎಷ್ಟೋ ಮೇಲೆ. ಕೆಳಗೆ ಕತ್ತಲು ಕವಿದರೂ ಅಲ್ಲಿ ಸುಡು ಬಿಸಿಲೇ.

ಮೂರನೆಯದು ಕರೆಂಟಿನ ಗಡಿಯಾರ. ಹೊಲದ ಲೈನಿಗೆ ತ್ರೀ ಫೇಸ್ ಬಂದ ಕೂಡಲೇ ಪಂಪ್‌ಸೆಟ್ ಸ್ಟಾರ್ಟರ್‌ಗಳು ಎದ್ದು ಕೂತು ರೇಡಿಯೋದಲ್ಲಿ ಸಪ್ಪಳ ಎಬ್ಬಿಸುತ್ತವೆ. ಪಾಳಿ ಬದಲಾದರೆ ರೇಡಿಯೋದ ರೋಗದ ಹೊತ್ತೂ ಬದಲಾಗುತ್ತದೆ. ಇದರಲ್ಲಿ ಒಂದು ಮೋಸವಿದೆ. ಸೋಲಾರ್ ಪಂಪಿನ ಕಂಟ್ರೋಲರ್ ಕೂಡ ಸೂರ್ಯನ ಗಡಿಯಾರವನ್ನೇ ನೋಡುತ್ತದೆ, ಹನ್ನೆರಡೂವರೆಗೇ ಅದರ ಆರ್ಭಟ ಜಾಸ್ತಿ. ಆದರೆ ಅದು ಸಪ್ಪಳ ಹೆಚ್ಚಿಸಿ ಕೆಡಿಸುತ್ತದೆ, ಇಳಿಸಿ ಅಲ್ಲ. ಮೋಡವೊಂದು ಅಡ್ಡ ಬಂದರೆ ಸಪ್ಪಳ ತಟ್ಟನೆ ಬಗ್ಗುತ್ತದೆ. ಡಿ ಪದರಕ್ಕೆ ಮೋಡದ ಗೊಡವೆಯೇ ಇಲ್ಲ.

ಮೇಲೆ ಆಗುವುದೇನು

ನೆಲದಿಂದ ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿ ಡಿ ಪದರ ಇದೆ. ಅಯಾನುಗೋಳದ, ಅಂದರೆ ಬಿಸಿಲಿಗೆ ಅಣುಗಳಿಂದ ಎಲೆಕ್ಟ್ರಾನ್ ಬಿಡಿಯಾಗಿರುವ ಮೇಲಿನ ಗಾಳಿಯ, ಕಟ್ಟಕಡೆಯ ಕೆಳಮಾಳಿಗೆ ಅನ್ನಿ. ಅದರ ಮೇಲೆ ಇ ಪದರ, ಅದರ ಮೇಲೆ ಎಫ್. ದೂರದ ಶಾರ್ಟ್‌ವೇವ್ ಸ್ಟೇಷನ್ನುಗಳನ್ನು ಬಗ್ಗಿಸಿ ನಮ್ಮ ಅಂಗಳಕ್ಕೆ ಇಳಿಸುವುದು ಹೆಚ್ಚಾಗಿ 200-300 ಕಿ.ಮೀ. ಮೇಲಿನ ಎಫ್ ಪದರ. ಆದರೆ ಅಲ್ಲಿಗೆ ಹೋಗುವಾಗೊಮ್ಮೆ, ಇಳಿಯುವಾಗೊಮ್ಮೆ ಡಿ ಪದರ ದಾಟಲೇಬೇಕು. ಧಾರವಾಡದ ಟೋಲ್ ನಾಕಾ ಈಗ ಬಡಾವಣೆಯ ಹೆಸರು ಅಷ್ಟೇ. ಮೇಲಿನ ಈ ನಾಕಾ ಮಾತ್ರ ಹಗಲಿಡೀ ವಸೂಲಿ ಮಾಡುತ್ತದೆ, ಹೋಗುವಾಗಲೂ ಬರುವಾಗಲೂ.

ಸೂರ್ಯನ ನೇರಳಾತೀತ ಬೆಳಕಿನಲ್ಲಿ 121.6 ನ್ಯಾನೊಮೀಟರ್ ಅಲೆಯುದ್ದದ ಒಂದು ಗೆರೆ ಇದೆ, ಲೈಮನ್ ಆಲ್ಫಾ ಅಂತ ಹೆಸರು. ಅದು ಅಷ್ಟು ಕೆಳಗಿನವರೆಗೂ ಇಳಿದು, ಅಲ್ಲಿರುವ ನೈಟ್ರಿಕ್ ಆಕ್ಸೈಡ್ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಹಾಕುತ್ತದೆ. ರೇಡಿಯೋ ಅಲೆ ಬಂದಾಗ ಈ ಬಿಡಿ ಎಲೆಕ್ಟ್ರಾನುಗಳು ಅದರ ಜೊತೆ ತೂಗಾಡುತ್ತವೆ. ತೂಗಾಡಿದ್ದಷ್ಟೇ ಆದರೆ ತೊಂದರೆ ಇಲ್ಲ, ಪಡೆದ ಶಕ್ತಿಯನ್ನು ಅಲೆಗೇ ಮರಳಿಸುತ್ತವೆ. ತೊಂದರೆ ಏನೆಂದರೆ ಆ ಎತ್ತರದಲ್ಲಿ ಗಾಳಿ ಇನ್ನೂ ಸಾಕಷ್ಟು ದಟ್ಟ. 80 ಕಿ.ಮೀ.ನಲ್ಲಿ ಒಂದು ಎಲೆಕ್ಟ್ರಾನ್ ಸೆಕೆಂಡಿಗೆ ಹತ್ತು ಲಕ್ಷದ ಆಸುಪಾಸು ಸಲ ಅಣುಗಳಿಗೆ ಡಿಕ್ಕಿ ಹೊಡೆಯುತ್ತದೆ. ಡಿಕ್ಕಿ ಆದಾಗ ಅಲೆಯಿಂದ ಪಡೆದ ಶಕ್ತಿ ಬಿಸಿಯಾಗಿ ಹೋಗಿಬಿಡುತ್ತದೆ. ಎಫ್ ಪದರದಲ್ಲಿ ಎಲೆಕ್ಟ್ರಾನುಗಳು ಇನ್ನೂ ಜಾಸ್ತಿ, ಆದರೆ ಗಾಳಿ ತೀರ ತೆಳು. ಡಿಕ್ಕಿ ಕಡಿಮೆ, ನಷ್ಟವೂ ಕಡಿಮೆ.

ಪಂಚಮಿ ಜೋಕಾಲಿ ಯೋಚಿಸಿ. ಹುಣಸೆ ಮರಕ್ಕೆ ಕಟ್ಟಿದ ಜೋಕಾಲಿಯನ್ನು ನಿಧಾನವಾಗಿ ದೊಡ್ಡದಾಗಿ ಜೀಕಿದರೆ ಸುತ್ತ ನಿಂತವರಿಗೆಲ್ಲ ಬಡಿಯುತ್ತದೆ. ಸಣ್ಣಗೆ ಚುರುಕಾಗಿ ಆಡಿಸಿದರೆ ಯಾರಿಗೂ ತಾಗುವುದಿಲ್ಲ. ಕಡಿಮೆ ಕಂಪನಾಂಕದ ಅಲೆ ಎಲೆಕ್ಟ್ರಾನನ್ನು ದೊಡ್ಡದಾಗಿ ಜೀಕುತ್ತದೆ, ಹೆಚ್ಚಿನದು ಸಣ್ಣಗೆ. ಹಾಗಾಗಿ ಕೆಳಗಿನ ಬ್ಯಾಂಡುಗಳಿಗೇ ಪೆಟ್ಟು ಜಾಸ್ತಿ.

ಎಷ್ಟು ಜಾಸ್ತಿ? ಕಂಪನಾಂಕ ಅರ್ಧವಾದರೆ ನಷ್ಟ ಸುಮಾರು ನಾಲ್ಕು ಪಟ್ಟು. 14 ಮೆಗಾಹರ್ಟ್ಸ್‌ನಲ್ಲಿ 5 ಡೆಸಿಬಲ್ ಹೋಗಿದೆ ಅಂದುಕೊಳ್ಳಿ, 7ರಲ್ಲಿ 20 ಹೋಗುತ್ತದೆ. ಬರುವ ಅಲೆಯ ಬಲ ತೋರಿಸುವ ಎಸ್ ಮೀಟರಿನ ಒಂದು ಅಂಕಕ್ಕೆ 6 ಡೆಸಿಬಲ್ ಲೆಕ್ಕ ಹಾಕಿದರೆ ಮೂರು ಅಂಕ ಇಳಿದ ಹಾಗೆ. 3.5ರಲ್ಲಿ ಇದೇ ಲೆಕ್ಕ 80 ಡೆಸಿಬಲ್ ಅನ್ನುತ್ತದೆ, ಅಂದರೆ ಸುದ್ದಿಯೇ ಇಲ್ಲ. ಭೂಮಿಯ ಕಾಂತಶಕ್ತಿಯ ಪ್ರಭಾವದಿಂದ ನಿಜದ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಆದರೆ ದೋಷ ಹುಡುಕುವವನಿಗೆ ಇಷ್ಟು ಸಾಕು.

ಕತ್ತಲಾದ ಮೇಲೆ ಹೊಸ ಎಲೆಕ್ಟ್ರಾನ್ ಹುಟ್ಟುವುದು ಹೆಚ್ಚುಕಡಿಮೆ ನಿಲ್ಲುತ್ತದೆ, ಇದ್ದವು ಬೇಗ ಅಣುಗಳಿಗೆ ಅಂಟಿಕೊಳ್ಳುತ್ತವೆ. ನಾಕಾ ಬಂದ್. ಅದಕ್ಕೇ ಹಗಲು ಧಾರವಾಡದಲ್ಲಿ ಕುಂಟುವ ಬೆಂಗಳೂರಿನ 612 ಕಿಲೋಹರ್ಟ್ಸ್ ರಾತ್ರಿ ಏರುತ್ತಾ ಇಳಿಯುತ್ತಾ ಗಟ್ಟಿಯಾಗಿ ಬರುವುದು. ಹಗಲಲ್ಲಿ ಮೀಡಿಯಂ ವೇವ್‌ನ ಆಕಾಶದ ದಾರಿ ಪೂರ್ತಿ ಮುಚ್ಚಿರುತ್ತದೆ, ನೆಲ ಹಿಡಿದು ಬರುವುದಷ್ಟೇ ಗತಿ. ನಮ್ಮ ಧಾರವಾಡದ 765 ಹಗಲು ರಾತ್ರಿ ಒಂದೇ ಸಮ ಇರುವುದೂ ಅದು ನೆಲ ಹಿಡಿದು ಬರುವುದರಿಂದಲೇ. ಆಕಾಶದ ಹಂಗು ಅದಕ್ಕಿಲ್ಲ. ಹಾಗಾಗಿ ಅದೇ ನಮ್ಮ ಒರೆಗಲ್ಲು.

ಕಾಲಕ್ಕೆ ತಕ್ಕ ಹಾಗೆ ಇದು ಬದಲಾಗುತ್ತದೋ? ನಮ್ಮಲ್ಲಿ ಅಷ್ಟೇನಿಲ್ಲ. ಧಾರವಾಡದ ನೆತ್ತಿಯ ಮೇಲೆ ಸೂರ್ಯ ಸರಿಯಾಗಿ ಬರುವುದು ಮೇ ಮೊದಲ ವಾರ ಒಮ್ಮೆ, ಆಗಸ್ಟ್ 11ರ ಸುಮಾರಿಗೆ ಇನ್ನೊಮ್ಮೆ. ಡಿಸೆಂಬರಿನ ನಡು ಮಧ್ಯಾಹ್ನವೂ ನೆತ್ತಿಯಿಂದ 39 ಡಿಗ್ರಿ ಮಾತ್ರ ಓರೆ. ತಿನ್ನುವುದು ಐದರಲ್ಲಿ ಒಂದು ಪಾಲು ಕಡಿಮೆ ಆಗಬಹುದು, ಅಷ್ಟೇ. ಹೊರದೇಶದ ಕೈಪಿಡಿಗಳಲ್ಲಿ ಚಳಿಗಾಲದ ವೈಪರೀತ್ಯ, ಧ್ರುವದ ಹೀರುವಿಕೆ ಅಂತ ಪುಟಗಟ್ಟಲೆ ಇರುತ್ತದೆ. ಅವು ಮೇಲಿನ ಅಕ್ಷಾಂಶದವರ ತಲೆನೋವು. ಹಾವೇರಿಯಲ್ಲಿ ಕೂತು ಅದನ್ನು ಓದಿ ತಲೆ ಕೆಡಿಸಿಕೊಳ್ಳಬೇಡಿ.

ಹನ್ನೊಂದು ವರ್ಷದ ಸೂರ್ಯಕಲೆಗಳ ಚಕ್ರ ಮಾತ್ರ ಲೆಕ್ಕಕ್ಕೆ ಬರುತ್ತದೆ. ಈಗಿನ 25ನೇ ಚಕ್ರ 2019ರ ಡಿಸೆಂಬರಿನಲ್ಲಿ ಶುರುವಾಗಿ 2024ರಲ್ಲಿ ಉತ್ತುಂಗಕ್ಕೆ ಬಂತು. ಉತ್ತುಂಗದಲ್ಲಿ ಮಧ್ಯಾಹ್ನದ ನಷ್ಟ ಸೂರ್ಯ ತಣ್ಣಗಿದ್ದ ವರ್ಷಗಳಿಗಿಂತ ಒಂದೂವರೆ ಪಟ್ಟಿನ ಸುಮಾರು. "2019ರಾಗ ಇದೇ ಸೆಟ್ಟು ಮಧ್ಯಾಹ್ನಾನೂ ಹಾಡ್ತಿತ್ತು, ಈಗ್ಯಾಕ ಹಾಡವಲ್ದು" ಅನ್ನುವವರಿಗೆ ಉತ್ತರ ಇದು. ಸೆಟ್ಟಿಗೆ ವಯಸ್ಸಾಗಿಲ್ಲ, ಸೂರ್ಯನಿಗೆ ಹುರುಪು ಬಂದಿದೆ.

ಪರೀಕ್ಷೆ ಮಾಡುವ ಬಗೆ

ನಾನು ಮಾಡುವ ಕ್ರಮ ಹೀಗೆ. ಹನ್ನೆರಡೂವರೆಗೆ ಸೆಟ್ಟನ್ನು ಬ್ಯಾಟರಿ ಮೇಲೆ ಹಾಕಿ. ಮನೆಯ ಮೇನ್ ಸ್ವಿಚ್ ಇಳಿಸಿ. ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಇನ್ವರ್ಟರ್, ಇವೆಲ್ಲ ಶಾರ್ಟ್‌ವೇವ್‌ನಲ್ಲಿ ಕಿರುಚುವ ಪ್ರಾಣಿಗಳು. ಇನ್ವರ್ಟರಿನ ಸ್ವಿಚ್ ಬೇರೆ ಇರುತ್ತದೆ, ಅದನ್ನು ಮರೆಯಬೇಡಿ. ಲೈಟ್ ಹೋದಾಗ ಊರವರೆಲ್ಲ ಬೈಯುತ್ತಿದ್ದರೆ ರೇಡಿಯೋದವರು ಮಾತ್ರ ಖುಷಿಯಿಂದ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ.

ಈಗ 765 ಕೇಳಿ. ಅದೇ ಸಣ್ಣಗಾಗಿದ್ದರೆ ಆಕಾಶದ ಮಾತು ಬಿಡಿ. ಏರಿಯಲ್, ಅರ್ಥಿಂಗ್, ಸೆಟ್ಟು, ಈ ಕ್ರಮದಲ್ಲಿ ಹುಡುಕಿ. ಒಂದು ಎಚ್ಚರಿಕೆ. ಸಣ್ಣ ಟ್ರಾನ್ಸಿಸ್ಟರುಗಳಲ್ಲಿ ಮೀಡಿಯಂ ವೇವ್‌ಗೆ ಒಳಗಿನ ಫೆರೈಟ್ ಕಡ್ಡಿಯೇ ಏರಿಯಲ್, ಶಾರ್ಟ್‌ವೇವ್‌ಗೆ ಹೊರಗಿನ ಕಡ್ಡಿ. ಅಂಥ ಸೆಟ್ಟಿನಲ್ಲಿ 765 ಚೆನ್ನಾಗಿದ್ದ ಮಾತ್ರಕ್ಕೆ ಹೊರಗಿನ ಕಡ್ಡಿ ಸರಿ ಇದೆ ಅಂತಲ್ಲ. ಕಡ್ಡಿಯ ಬುಡ ಅಲ್ಲಾಡಿಸಿ ನೋಡಿ, ಕರಕರ ಅಂದರೆ ಅಲ್ಲೇ ದೋಷ.

765 ಗಟ್ಟಿಯಾಗಿದ್ದರೆ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಗಿ. 49 ಮೀಟರ್ ಬ್ಯಾಂಡ್, ಅಂದರೆ 6 ಮೆಗಾಹರ್ಟ್ಸ್ ಸುತ್ತಮುತ್ತ. ಆಮೇಲೆ 41 ಮೀಟರ್, 31 ಮೀಟರ್, 25, 19, 16. ಮೀಟರ್ ಇಳಿದಷ್ಟೂ ಕಂಪನಾಂಕ ಏರುತ್ತದೆ. ಕೆಳಗೆ ಶೂನ್ಯ, ಮೇಲೆ ಹೋದ ಹಾಗೆ ಒಂದೊಂದೇ ದನಿ ಮೂಡುತ್ತಿದ್ದರೆ ಅದು ಡಿ ಪದರದ ಕೈಬರಹ. ಎಲ್ಲ ಬ್ಯಾಂಡೂ ಒಂದೇ ಅಳತೆಯಲ್ಲಿ ಸತ್ತಿದ್ದರೆ ಏರಿಯಲ್. ಕೆಳಗಿನವು ಬದುಕಿ ಮೇಲಿನವು ಸತ್ತಿದ್ದರೆ ಅದು ಬೇರೆಯೇ ಕತೆ, ಭೂಕಾಂತ ಬಿರುಗಾಳಿಯಲ್ಲಿ, ಅಂದರೆ ಸೂರ್ಯನ ಹೊಡೆತಕ್ಕೆ ಭೂಮಿಯ ಕಾಂತಶಕ್ತಿ ಅಲ್ಲಾಡಿದಾಗ, ಎಫ್ ಪದರ ತೆಳುವಾಗಿ ಹಾಗಾಗುತ್ತದೆ. ಅದು ಒಂದೆರಡು ದಿನ ಹಿಡಿಯುತ್ತದೆ. ಅಲ್ಲಿ ಮಾಡಬೇಕಾದ್ದೂ ಉಲ್ಟಾ, ಕೆಳಗಿನ ಬ್ಯಾಂಡಿಗೆ ಇಳಿಯಬೇಕು.

ಹೋಲಿಸಲು ಸದಾ ಇರುವ ಸ್ಟೇಷನ್ ಬೇಕು. ಪ್ರಸಾರವೇ ಇಲ್ಲದ ಹೊತ್ತಿನಲ್ಲಿ ಸ್ಟೇಷನ್ ಹುಡುಕಿ ಸೆಟ್ಟಿಗೆ ಬೈದವರು ಬಹಳ. ನಾನು ಬಳಸುವುದು ಚೀನಾದ ಸಮಯ ಸೂಚಕ ಬಿಪಿಎಂ, 10 ಮೆಗಾಹರ್ಟ್ಸ್‌ನಲ್ಲಿ ಹಗಲೂ ರಾತ್ರಿ ಟಿಕ್ ಟಿಕ್ ಅನ್ನುತ್ತದೆ. ನಮ್ಮಿಂದ ಸುಮಾರು 4,000 ಕಿ.ಮೀ. ದೂರ. ಎರಡು ನೆಗೆತದಲ್ಲಿ ಬಂದರೂ ಡಿ ಪದರವನ್ನು ನಾಲ್ಕು ಸಲ ದಾಟಬೇಕು. ಹಾಗಾಗಿ ಮೇಲೆ ಏನಾದರೂ ಆದರೆ ಇದು ಮೊದಲು ಅಳುತ್ತದೆ.

ಸಪ್ಪಳವೇ ಮೀಟರು

ಸಪ್ಪಳದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ರೇಡಿಯೋದೊಳಗೆ ಎಜಿಸಿ ಅಂತ ಒಂದು ವ್ಯವಸ್ಥೆ ಇರುತ್ತದೆ. ದನಿ ಇಳಿದರೆ ಅದು ತಾನೇ ಬಲ ಏರಿಸುತ್ತದೆ. ಹೀಗಾಗಿ ಸ್ಟೇಷನ್ ಮೇಲೆ ಮುಳ್ಳು ಇಟ್ಟುಕೊಂಡು ಕೇಳುತ್ತಿದ್ದರೆ, ದನಿ ಹೋದಂತೆಲ್ಲ ಶರ್ ಸಪ್ಪಳ ಏರಿದ ಹಾಗೆ ಅನ್ನಿಸುತ್ತದೆ. ಅದು ಹೊರಗಿನ ಸಪ್ಪಳ ಜಾಸ್ತಿ ಆದದ್ದಲ್ಲ, ಸೆಟ್ಟು ಕಿವಿ ಚುರುಕು ಮಾಡಿಕೊಂಡದ್ದು. ಅದಕ್ಕೇ ಕಾಕಾಗೆ ಖಾಲಿ ಜಾಗದಲ್ಲಿ ಮುಳ್ಳು ಇಡಲು ಹೇಳಿದ್ದು. ಖಾಲಿ ಜಾಗದಲ್ಲಿ ಎಜಿಸಿ ಮೊದಲೇ ಪೂರ್ತಿ ತೆರೆದಿರುತ್ತದೆ, ಅಲ್ಲಿ ಕೇಳುವುದು ನಿಜವಾದ ಸಪ್ಪಳ. ಡಾಂಗಲ್ ಬಳಸುವವರು ಎಜಿಸಿ ಆಫ್ ಮಾಡಿ ಗೇನ್ ಒಂದೇ ಕಡೆ ನಿಲ್ಲಿಸಿ.

ಈಗ ಏರಿಯಲ್ ಕಿತ್ತು ನೋಡಿ. ಕಿತ್ತಾಗ ಸಪ್ಪಳ ಇಳಿದರೆ ಹೊರಗಿಂದ ಸಪ್ಪಳ ಬರುತ್ತಿದೆ, ಏರಿಯಲ್ ಜೀವಂತ ಇದೆ ಅಂತ ಅರ್ಥ. ಏನೂ ವ್ಯತ್ಯಾಸ ಆಗದಿದ್ದರೆ ಇದೇ ಪರೀಕ್ಷೆಯನ್ನು ರಾತ್ರಿ ಒಂಬತ್ತಕ್ಕೆ ಮತ್ತೆ ಮಾಡಿ. ಆಗಲೂ ವ್ಯತ್ಯಾಸ ಇಲ್ಲ ಅಂದರೆ ತಂತಿ ಎಲ್ಲೋ ತುಂಡಾಗಿದೆ.

ಹಳ್ಳಿಯ ಹೊಲದಲ್ಲಿ, ಕೆಳಗಿನ ಶಾರ್ಟ್‌ವೇವ್ ಬ್ಯಾಂಡುಗಳಲ್ಲಿ ರಾತ್ರಿ ಕೇಳುವ ಸಪ್ಪಳ ಬಹುಪಾಲು ದೂರದ ಸಿಡಿಲುಗಳದ್ದು. ಸಾವಿರಾರು ಕಿ.ಮೀ. ಆಚೆಯ ಮಿಂಚಿನ ಅಲೆಗಳೂ ಆಕಾಶದ ದಾರಿಯಲ್ಲೇ ಬರುತ್ತವೆ. ಹಗಲಾದರೆ ಡಿ ಪದರ ಅವನ್ನೂ ತಿಂದುಹಾಕುತ್ತದೆ. ಅದಕ್ಕೇ ಆಕಾಶ ತಿನ್ನುವಾಗ ರೇಡಿಯೋ ಬರೇ ಮೂಕ ಆಗುವುದಿಲ್ಲ, ಶಾಂತವೂ ಆಗುತ್ತದೆ. ಹುಬ್ಬಳ್ಳಿಯ ನಡುವಿನ ಮನೆಗಳಲ್ಲಿ ಈ ಶಾಂತಿ ಕೇಳಿಸುವುದಿಲ್ಲ. ನೆರೆಮನೆಯ ಚಾರ್ಜರುಗಳು ಬಿಡಬೇಕಲ್ಲ. ಸಂಶಯ ಬಂದರೆ ಸೆಟ್ಟು ಹಿಡಿದು ಉಣಕಲ್ ಕೆರೆ ದಂಡೆಗೋ ಊರಾಚೆ ಹೊಲಕ್ಕೋ ಹೋಗಿ ಕೇಳಿ. ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಹೊತ್ತಿನಲ್ಲಿ ಮಾತ್ರ ಈ ಪರೀಕ್ಷೆ ಬೇಡ. ಹತ್ತಿರದ ಸಿಡಿಲು ನೇರವಾಗಿ ಬರುತ್ತದೆ, ಅದನ್ನು ಡಿ ಪದರ ತಡೆಯುವುದಿಲ್ಲ. ಆಗ ಏರಿಯಲ್ ಮುಟ್ಟುವುದೂ ಬೇಡ.

ಸಪ್ಪಳ ಇಳಿದದ್ದನ್ನು ಅಳೆದು ಆಕಾಶದ ಹಸಿವು ಲೆಕ್ಕ ಹಾಕುವುದು ನನ್ನ ಕಿತಾಪತಿ ಅಲ್ಲ. ನಮ್ಮ ದೇಶದವರೇ ಆದ ಎ.ಪಿ. ಮಿತ್ರಾ, ಆಸ್ಟ್ರೇಲಿಯಾದ ಸಿ.ಎ. ಶೇನ್ ಜೊತೆ ಸೇರಿ 1953ರಲ್ಲಿ ಇದನ್ನೇ ಮಾಡಿ ತೋರಿಸಿದರು. ಆಕಾಶಗಂಗೆಯಿಂದ 18.3 ಮೆಗಾಹರ್ಟ್ಸ್‌ನಲ್ಲಿ ಬರುವ ಸಪ್ಪಳ ಎಷ್ಟು ಕುಗ್ಗಿದೆ ಅಂತ ನೋಡಿ, ಅಯಾನುಗೋಳ ಎಷ್ಟು ಹೀರಿದೆ ಅಂತ ಹೇಳಿದರು. ರಿಯೋಮೀಟರ್ ಅನ್ನುವ ಉಪಕರಣ ನಡೆಯುವುದು ಇದೇ ತತ್ವದ ಮೇಲೆ. ಕಾಕಾ ಬಾವಿಯಲ್ಲಿ ಕಿವಿ ಇಟ್ಟ ಹಾಗಿದೆ ಅಂದದ್ದೂ ಅದೇ ಅಳತೆ, ಅಂಕಿ ಇಲ್ಲ ಅಷ್ಟೇ.

ಇದ್ದಕ್ಕಿದ್ದಂತೆ ಸತ್ತರೆ

ಇಷ್ಟು ಹೊತ್ತು ಹೇಳಿದ್ದು ದಿನಾ ಆಗುವ ನಿಧಾನ ಸಾವು. ಇನ್ನೊಂದು ಬಗೆಯದು ಹಠಾತ್ತನೆ ಬರುತ್ತದೆ. ಚೆನ್ನಾಗಿ ಕೇಳುತ್ತಿದ್ದ 7 ಮೆಗಾಹರ್ಟ್ಸ್ ಐದಾರು ನಿಮಿಷದಲ್ಲಿ ಮಣ್ಣು ಮುಕ್ಕುತ್ತದೆ. ಸೂರ್ಯನ ಮೇಲೆ ಸೌರಜ್ವಾಲೆ ಸಿಡಿದಾಗ ಬರುವ ಎಕ್ಸ್ ಕಿರಣಗಳು ಡಿ ಪದರದೊಳಗೆ ಆಳಕ್ಕೆ ನುಗ್ಗಿ ಎಲೆಕ್ಟ್ರಾನುಗಳನ್ನು ಒಮ್ಮೆಲೇ ಹೆಚ್ಚಿಸುತ್ತವೆ. ಅವು ಬರುವುದು ಬೆಳಕಿನ ವೇಗದಲ್ಲೇ, ಹಾಗಾಗಿ ಮುನ್ಸೂಚನೆ ಅಂತ ಏನೂ ಇರುವುದಿಲ್ಲ. ಜರ್ಮನಿಯ ಮ್ಯೋಗೆಲ್ 1930ರಲ್ಲಿ, ಅಮೆರಿಕದ ಡೆಲಿಂಜರ್ 1935ರಲ್ಲಿ ಇದನ್ನು ಗುರುತಿಸಿದರು. ಅವರಿಬ್ಬರ ಹೆಸರಲ್ಲೇ ಇದನ್ನು ಕರೆಯುತ್ತಾರೆ.

ಗುರುತು ಹಿಡಿಯುವುದು ಸುಲಭ. ಬೀಳುವುದು ಕಡಿದಾಗಿ, ಏಳುವುದು ನಿಧಾನಕ್ಕೆ, ಅರ್ಧ ಗಂಟೆಯಿಂದ ಒಂದೆರಡು ಗಂಟೆ. ಮೊದಲು ವಾಪಸ್ ಬರುವುದು ಮೇಲಿನ ಬ್ಯಾಂಡುಗಳು. 15 ಮೆಗಾಹರ್ಟ್ಸ್ ಬಂದು, 10 ಬಂದು, ಕೊನೆಗೆ 7. ಸಡಿಲ ವೈರಿಗೆ ಇಷ್ಟು ಶಿಸ್ತು ಇರುವುದಿಲ್ಲ.

ಖಾತ್ರಿ ಮಾಡಲು ಅಮೆರಿಕದ ನೋವಾ ಸಂಸ್ಥೆಯ ಗೋಸ್ ಉಪಗ್ರಹದ ಎಕ್ಸ್ ಕಿರಣ ನಕ್ಷೆ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಜ್ವಾಲೆಯ ಬಲವನ್ನು ಅದರಲ್ಲಿ ದರ್ಜೆಯಾಗಿ ತೋರಿಸುತ್ತಾರೆ. ಎಂ ದರ್ಜೆ ಮುಟ್ಟಿದರೆ ಕೆಳಗಿನ ಬ್ಯಾಂಡಿಗೆ ಪೆಟ್ಟು, ಎಕ್ಸ್ ದರ್ಜೆ ಆದರೆ ದೊಡ್ಡ ಪೆಟ್ಟು. ಅದರಲ್ಲಿನ ಹೊತ್ತು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ಐದೂವರೆ ಗಂಟೆ ಕೂಡಿಸಿ ನೋಡಿ. ಕೂಡಿಸದೆ ಎಡವಿದವರಲ್ಲಿ ನಾನೂ ಒಬ್ಬ.

ಕೂಡಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಆಗ ನಮ್ಮಲ್ಲಿ ಹಗಲಿತ್ತೋ? 2024ರ ಮೇ 15ರ ಬೆಳಿಗ್ಗೆ ಹುಬ್ಬಳ್ಳಿಯ ಕೇಶ್ವಾಪುರದಿಂದ ಒಬ್ಬ ಹುಡುಗ ಫೋನ್ ಮಾಡಿದ. "ಅಣ್ಣಾ, ನಿನ್ನೆ ಸೂರ್ಯನ ಮ್ಯಾಲೆ ಎಕ್ಸ್ 8.7 ಹೊಡದೈತಂತ. ಅದಕ್ಕ ನನ್ನ ಸೆಟ್ಟು ಕಿವುಡಾಗೇತಿ." ಹೊಡೆದದ್ದು ನಿಜ. ಆದರೆ ನಮ್ಮ ಹೊತ್ತಿನಲ್ಲಿ ಆಗ ರಾತ್ರಿ ಹತ್ತು ಇಪ್ಪತ್ತೊಂದು. ಸೂರ್ಯ ಕಾಲ ಕೆಳಗೆ. ಡಿ ಪದರಕ್ಕೆ ಅದರ ಬಿಸಿ ತಾಗುವ ಮಾತೇ ಇಲ್ಲ. "765 ಹೆಂಗೈತಿ?" ಅಂದೆ. "ಅದೂ ಸಣ್ಣಗಾಗೇತ್ರಿ" ಅಂದ.

ಸಂಜೆ ಹೋಗಿ ತಾರಸಿ ಹತ್ತಿ ನೋಡಿದೆ. ಡೈಪೋಲ್ ಏರಿಯಲ್ಲಿನ (ಎರಡು ತಂತಿಗಳ ನಡುವಿನಿಂದ ಕೇಬಲ್ ಇಳಿಯುವ ಬಗೆಯದು) ನಡುಗಂಟಿನಲ್ಲಿ ಟೇಪ್ ಬಿರಿದಿತ್ತು. ಟೇಪ್ ಬಿಡಿಸಿ ಕೇಬಲ್ ಬಾಗಿಸಿದೆ, ತೊಟ ತೊಟ ನೀರು ಬಿತ್ತು. ಅಡ್ಡಮಳೆಯ ನೀರು ಒಳಗೆ ಇಳಿದಿತ್ತು. ಮೇಲಿನ ಹೆಣಿಗೆ ತಂತಿ ಹಸಿರು ಕಿಲುಬು ಹಿಡಿದು, ಉಗುರಿನಿಂದ ಕೆರೆದರೆ ಪುಡಿಯಾಗುತ್ತಿತ್ತು. ಎರಡು ಮಾರು ಕೇಬಲ್ ಕತ್ತರಿಸಿದ ಮೇಲೆ ಬೆಳ್ಳಗೆ ಹೊಳೆಯುವ ತಂತಿ ಸಿಕ್ಕಿತು. ಹೊಸ ಬೆಸುಗೆ, ಮೇಲೆ ರಬ್ಬರ್ ಟೇಪ್, ಅದರ ಮೇಲೆ ಸಾದಾ ಟೇಪ್, ಕೇಬಲ್ಲಿಗೆ ಒಂದು ಯು ಆಕಾರದ ಬಾಗು, ನೀರು ಅಲ್ಲಿಂದಲೇ ತೊಟ್ಟಿಕ್ಕಲಿ ಅಂತ. ಸೂರ್ಯನ ಮೇಲಿನ ಆರೋಪ ವಜಾ.

ಹಗಲಿದ್ದರೂ ಓರೆ ಬಿಸಿಲಾದರೆ ಪೆಟ್ಟು ಕಡಿಮೆ. 2024ರ ಅಕ್ಟೋಬರ್ 3ರ ಎಕ್ಸ್ 9.0 ನಮ್ಮ ಹೊತ್ತಿನಲ್ಲಿ ಸಂಜೆ ಐದು ನಲವತ್ತೆಂಟಕ್ಕೆ, ಸೂರ್ಯ ಮುಳುಗುವ ಮುಂಚೆ. 2017ರ ಸೆಪ್ಟೆಂಬರ್ 6ರ ಎಕ್ಸ್ 9.3 ಕೂಡ ಸಂಜೆ ಐದೂವರೆಗೆ. ಇಂಥ ಹೊತ್ತಿನಲ್ಲಿ ದಿಕ್ಕು ನೋಡಬೇಕು. ಲೆಕ್ಕಕ್ಕೆ ಬರುವುದು ನಿಮ್ಮ ಮನೆ ಮೇಲಿನ ಬಿಸಿಲಲ್ಲ, ಅಲೆ ಡಿ ಪದರ ದಾಟುವ ಜಾಗಗಳ ಬಿಸಿಲು. ಸಂಜೆ ಪಡುವಣ ಕಡೆಯಿಂದ, ಅರಬ್ ದೇಶ, ಆಫ್ರಿಕಾ, ಯುರೋಪಿನಿಂದ ಬರುವವು ಬಿಸಿಲಲ್ಲೇ ಇರುತ್ತವೆ, ಅವಕ್ಕೆ ಪೆಟ್ಟು. ಮೂಡಣದವು ಆಗಲೇ ಕತ್ತಲಿಗೆ ಹೋಗಿರುತ್ತವೆ, ಬಚಾವ್.

ಇನ್ನೂ ಸಂಶಯ ಉಳಿದರೆ ಒಂದು ಉಲ್ಟಾ ಸಾಕ್ಷಿ ಇದೆ. ತಮಿಳುನಾಡಿನ ವಿಜಯನಾರಾಯಣದಲ್ಲಿ ನೌಕಾಪಡೆಯ ಕೇಂದ್ರವೊಂದು 18.2 ಕಿಲೋಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತದೆ. ಅಷ್ಟು ಕೆಳಗಿನ ಅಲೆಗಳಿಗೆ ಡಿ ಪದರವೇ ಕನ್ನಡಿ. ಅವು ಅದನ್ನು ದಾಟುವುದೇ ಇಲ್ಲ, ಅಲ್ಲಿಂದಲೇ ಪುಟಿಯುತ್ತವೆ. ಒಂದು ಮೀಟರ್ ಚೌಕಟ್ಟಿಗೆ ತಂತಿಯನ್ನು ಹತ್ತಾರು ಸುತ್ತು ಸುತ್ತಿ ಕಂಪ್ಯೂಟರಿನ ಮೈಕ್ ತೂತಿಗೆ ಕೊಟ್ಟರೆ ಸಾಕು, 48 ಕಿಲೋಹರ್ಟ್ಸ್ ಸ್ಯಾಂಪಲ್ ಮಾಡುವ ಸೌಂಡ್ ಕಾರ್ಡ್ ಇದನ್ನು ಹಿಡಿಯುತ್ತದೆ. ಜ್ವಾಲೆ ಹೊಡೆದಾಗ 7 ಮೆಗಾಹರ್ಟ್ಸ್ ಬೀಳುವ ಅದೇ ನಿಮಿಷಕ್ಕೆ ಇದರ ಗೆರೆ ತಟ್ಟನೆ ಜಿಗಿಯುತ್ತದೆ. ಎರಡೂ ಒಟ್ಟಿಗೆ ಆದರೆ ಸೆಟ್ಟು ಬಿಚ್ಚುವುದು ಬೇಡ, ಚಹಾ ಕುಡಿಯಿರಿ.

ವಹಿ ಇಡಿ

ದಿನಾ ಒಂದೇ ಹೊತ್ತಿಗೆ, ಒಂದೇ ಏರಿಯಲ್ಲಿನಲ್ಲಿ, ಒಂದೇ ಸ್ಟೇಷನ್ನಿನ ಎಸ್ ಮೀಟರ್ ಅಂಕಿ ಬರೆಯಿರಿ. ವಿಜ್ಞಾನಿಗಳು ಎ-3 ವಿಧಾನ ಅನ್ನುವುದು ಇದನ್ನೇ, ಅವರ ಉಪಕರಣ ನಮ್ಮದಕ್ಕಿಂತ ನಾಜೂಕು ಅಷ್ಟೇ. ನನ್ನ ವಹಿಯಲ್ಲಿ ನಾಲ್ಕು ಗೆರೆ: ಹೊತ್ತು, 765, ಬಿಪಿಎಂ, ಖಾಲಿ ಜಾಗದ ಸಪ್ಪಳ. ತಿಂಗಳು ತುಂಬಿದ ಮೇಲೆ ನಿಮ್ಮ ಮನೆಯ ಮಾಮೂಲು ಯಾವುದು ಅಂತ ಗೊತ್ತಾಗುತ್ತದೆ. ಮಾಮೂಲು ಗೊತ್ತಿಲ್ಲದವನಿಗೆ ದೋಷವೂ ಗೊತ್ತಾಗುವುದಿಲ್ಲ, ಅಲ್ವಾ? 765ರ ಅಂಕಿ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಮಳೆ ಬರುವ ಮುಂಚೆಯೇ ಏಣಿ ತೆಗೆಯಿರಿ.

ಕಾಕಾನ ಸೆಟ್ಟಿಗೆ ನಾನು ಕೊಟ್ಟ ಔಷಧ ಇಷ್ಟೇ: ಹತ್ತರಿಂದ ಮೂರರವರೆಗೆ 49 ಮತ್ತು 41 ಮೀಟರ್ ಮುಟ್ಟಬೇಡಿ, ಬ್ಯಾಂಡ್ ಸ್ವಿಚ್ಚನ್ನು 19 ಮೀಟರಿಗೆ ತಿರುಗಿಸಿ. ಮರುದಿನವೇ ಫೋನ್ ಬಂತು, ಮಧ್ಯಾಹ್ನ ದನಿ ಬರುತ್ತಿದೆ ಅಂತ. ರಿಪೇರಿಯವನಿಗೆ ಒಂದಿಷ್ಟು ಬೈಗುಳವೂ ಬಂತು.

ಹದಿನೈದು ದಿನ ಬಿಟ್ಟು ಮತ್ತೆ ಫೋನ್. "ತಮ್ಮಾ, ನಸಿಕಿನ್ಯಾಗ ನಾಕಕ್ಕ ಎದ್ದು ಹಚ್ಚಿದ್ರ ನಿನ್ನ ಹತ್ತೊಂಬತ್ತೂ ಸತ್ತೈತಿ."

ಅದು ಡಿ ಪದರದ ತಪ್ಪಲ್ಲ, ಎಫ್ ಪದರದ್ದು. ರಾತ್ರಿಯಿಡೀ ಬಿಸಿಲು ಕಾಣದೆ ಅದು ನಸುಕಿನ ಹೊತ್ತಿಗೆ ತೀರ ಸೊರಗಿರುತ್ತದೆ, 19 ಮೀಟರಿನ 15 ಮೆಗಾಹರ್ಟ್ಸ್ ಅನ್ನು ಬಗ್ಗಿಸುವ ತ್ರಾಣ ಇರುವುದಿಲ್ಲ. ಅಲೆ ತೂರಿಕೊಂಡು ಮೇಲೆ ಹೋಗಿಬಿಡುತ್ತದೆ.

"ಸ್ವಿಚ್ ಹೊಳ್ಳಿ 49ಕ್ಕ ತಿರುಗಸ್ರಿ ಕಾಕಾ," ಅಂದೆ.

ಅತ್ತ ಕಡೆ ಟಕ್ ಅಂತ ಸಪ್ಪಳ. ಆಮೇಲೆ ಯಾವುದೋ ಭಾಷೆಯ ಹಾಡು.